ಮಾವನವರ ಕಾರಿಗೆ ನಾಲ್ಕು ಸಿಲಿಂಡರ್

ಬೆಚ್ಚಿಬಿದ್ದದ್ದನ್ನು ಮುಖದ ಮೇಲೆ ತೋರಿಸಬಾರದು ಎನ್ನುವುದು ವಕೀಲಿ ವೃತ್ತಿಯ ಮೊದಲ ಪಾಠ. ನಮ್ಮ ಕಡೆಯ ಸಾಕ್ಷಿಯೇ ಕಟಕಟೆಯಲ್ಲಿ ನಿಂತು ‘ಜಮೀನು ಎದುರು ಪಾರ್ಟಿದೇ ಸ್ವಾಮಿ’ ಎಂದುಬಿಟ್ಟರೂ, ನಾನು ಹೇಳಿಸಬೇಕೆಂದಿದ್ದದ್ದೂ ಅದನ್ನೇ ಎಂಬಂತೆ ತಲೆದೂಗುತ್ತ ಕುಳಿತಿರಬೇಕು. ಹುಣಸೂರಿನ ಕೋರ್ಟಿನಲ್ಲಿ ಈ ವಿದ್ಯೆಯನ್ನು ನಾನು ಎಷ್ಟು ಚೆನ್ನಾಗಿ ಕಲಿತಿದ್ದೆನೆಂದರೆ, ಕೇಸು ಸೋತ ಮೇಲೂ ನನ್ನ ಕಕ್ಷಿಗಾರರು ನನ್ನ ಮುಖ ನೋಡಿ ಗೆದ್ದೆವೆಂದೇ ತಿಳಿದು ಸ್ವಲ್ಪ ಹೊತ್ತು ಸಂತೋಷವಾಗಿರುತ್ತಿದ್ದರು. ಆದರೆ ಒಂದು ಹಳೆಯ ಕಾರಿಗೆ ಇಂಜಿನ್ ಹುಡುಕಲು ಹೊರಟ ವರ್ಷ ಈ ವಿದ್ಯೆ ನನ್ನ ಕೈಬಿಟ್ಟಿತು. ಆ ವರ್ಷವೆಲ್ಲ ನಾನು ತೆರೆದ ಬಾಯಿ ಮುಚ್ಚಿದ್ದೇ ಕಡಿಮೆ.

ಕಾರು ನನ್ನದಲ್ಲ, ಮಾವನವರದು. ಅವರು ಕಂಪಲಾಪುರದಲ್ಲಿ ಹೊಗೆಸೊಪ್ಪು ಬೆಳೆದು ನಾಲ್ಕು ಕಾಸು ಕಂಡವರು. ಕೊಡಗಿನ ಕಾಫಿ ತೋಟ ಮಾರಿ ತನ್ನ ದೇಶಕ್ಕೆ ಹೊರಟಿದ್ದ ದೊರೆಯೊಬ್ಬನಿಂದ ಆರು ಸಿಲಿಂಡರಿನ ಅಮೆರಿಕನ್ ಕಾರನ್ನು ಕೊಂಡಿದ್ದರು. ನನ್ನ ಹೆಂಡತಿ ಜಯಲಕ್ಷ್ಮಿ ಮದುವೆಯಾಗಿ ಹುಣಸೂರಿಗೆ ಬಂದದ್ದು ಅದರಲ್ಲೇ. ಮಾವ ತೀರಿಕೊಂಡ ಮೇಲೆ ನನ್ನ ಭಾವಮೈದುನರು ಟ್ರ್ಯಾಕ್ಟರನ್ನು ತಾವಿಟ್ಟುಕೊಂಡು ಕಾರನ್ನು ಅಕ್ಕನಿಗೆ ಬಿಟ್ಟುಕೊಟ್ಟರು. ಎಂಥ ಉದಾರ ಮನಸ್ಸು ಎಂದುಕೊಂಡೆ. ಪೆಟ್ರೋಲ್ ಬೆಲೆ ದಿಢೀರನೆ ಏರಿದಾಗ ಅವರ ಬುದ್ಧಿವಂತಿಕೆ ಅರ್ಥವಾಯಿತು. ಆ ಕಾರು ನಿಂತಲ್ಲೇ ನಿಂತು ಪೆಟ್ರೋಲ್ ಕುಡಿಯುತ್ತಿತ್ತು. ಕೊನೆಗೆ ಒಂದು ದಿನ ಪಿರಿಯಾಪಟ್ಟಣದ ಬಸ್ ಸ್ಟ್ಯಾಂಡಿನ ಎದುರು ಇಂಜಿನಿನ ಹೊಟ್ಟೆಯಲ್ಲಿ ಏನೋ ಲಟಕ್ಕನೆ ಮುರಿದು, ಬಸ್ಸಿಗೆ ಕಾಯುತ್ತಿದ್ದ ಜನವೆಲ್ಲ ಹೋ ಎಂದು ಕೂಗುತ್ತ ನಮ್ಮನ್ನು ರಸ್ತೆಯ ಪಕ್ಕಕ್ಕೆ ತಳ್ಳಿದರು. ಒಳಗೆ ಕುಳಿತಿದ್ದ ಜಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಮನೆಗೆ ಬಂದ ಮೇಲೆ ಅವಳು ಹೇಳಿದ ಮಾತು ಇಷ್ಟು: “ಬೇರೆ ಇಂಜಿನ್ ಹಾಕಿಸಿ ನೋಡಿ. ಗೌರಿ ಹಬ್ಬಕ್ಕೆ ಇದರಲ್ಲೇ ನಮ್ಮೂರಿಗೆ ಹೋಗೋಣ. ದಾರೀಲಿ ಎಲ್ಲಾದರೂ ಒಂದು ಸಲ ತಳ್ಳಿಸಿದ್ರಿ ಅಂದ್ರೆ, ಹಬ್ಬ ಮುಗಿದ ಮಾರನೇ ದಿನ ಗುಜರಿಗೆ ಹಾಕಿಬಿಡಿ. ಅಪ್ಪನ ಕಾರು ನಗೆಪಾಟಲಾಗೋದನ್ನ ನೋಡೋಕೆ ನನ್ನ ಕೈಲಾಗಲ್ಲ.” ಅವಳ ಕಣ್ಣು ತುಂಬಿತ್ತು. ಗುಜರಿ ಎಂಬ ಮಾತು ಕೇಳಿ ಒಳಗೊಳಗೇ ಹಿಗ್ಗಬೇಕಾಗಿದ್ದ ನಾನು, ಆ ಕಣ್ಣು ನೋಡಿದ ಮೇಲೆ, ಹೇಗಾದರೂ ಮಾಡಿ ಈ ಕಾರನ್ನು ಉಳಿಸಿಯೇ ತೀರುತ್ತೇನೆ ಎಂದು ಮಾತು ಕೊಟ್ಟುಬಿಟ್ಟೆ.

ಹುಣಸೂರಿನಲ್ಲಿ ನಮ್ಮ ಕಾರಿನ ವೈದ್ಯರು ದಸ್ತಗೀರ್ ಮೇಸ್ತ್ರಿ. ಸ್ವಭಾವತಃ ಆಶಾವಾದಿ. “ಆರು ಸಿಲಿಂಡರ್ ಯಾಕೆ ಸಾರ್, ನಾಲ್ಕು ಸಾಕು. ಆರು ಜನ ಉಣ್ಣೋ ಮನೇಲಿ ನಾಲ್ಕು ಜನ ಉಂಡ್ರೆ ಎಷ್ಟು ಉಳೀತದೆ, ನೀವೇ ಯೋಚ್ನೆ ಮಾಡಿ” ಎಂದರು. ಕೆಲಸ ಮಾಡುವವರೂ ಇಬ್ಬರು ಕಡಿಮೆಯಾಗುತ್ತಾರಲ್ಲ ಎಂದು ನಾನು ಕೇಳಬೇಕಾಗಿತ್ತು. ಕೇಳಲಿಲ್ಲ. ಕೋರ್ಟಿನಲ್ಲಿ ಈ ವಿಷಯ ಬಾಯಿಬಿಟ್ಟದ್ದೇ ತಪ್ಪಾಯಿತು. ಜೀಪಿನ ಇಂಜಿನ್ನೇ ಸರಿ ಎಂದು ಒಂದು ಪಂಗಡ, ಅಂಬಾಸಿಡರ್ ಇಂಜಿನ್ನೇ ಸರಿ ಎಂದು ಇನ್ನೊಂದು ಪಂಗಡ ಹುಟ್ಟಿಕೊಂಡು, ಎರಡು ಪಂಗಡಗಳವರೂ ನನ್ನ ಖರ್ಚಿನಲ್ಲಿ ಕಾಫಿ ಕುಡಿಯತೊಡಗಿದರು. ಅವರಲ್ಲಿ ಬಹಳ ಮಂದಿಗೆ ಸೈಕಲ್ಲಿನ ಚೈನು ಹಾಕಲೂ ಬರುತ್ತಿರಲಿಲ್ಲ.

ಮೊದಲು ಹೆಗ್ಗಡದೇವನಕೋಟೆಗೆ ಹೋದೆವು. ಮರದ ಕಂಟ್ರಾಕ್ಟರೊಬ್ಬರ ಹಿತ್ತಲಲ್ಲಿ ಜೀಪೊಂದು ಮೂಲೆ ಸೇರಿತ್ತು. ದಸ್ತಗೀರ್ ಬಾನೆಟ್ ಎತ್ತಿದರು. ಇಂಜಿನ್ನಿನ ಮೇಲೆ ಕಾವು ಕೂತಿದ್ದ ಕೋಳಿ ಅವರ ಕೈಗೆ ಕುಕ್ಕಿತು. ನಾನು ಎರಡು ಹೆಜ್ಜೆ ಹಿಂದಕ್ಕೆ ಹಾರಿದೆ. ಮನೆಯ ಯಜಮಾನಿ ಓಡಿಬಂದು, “ಇಂಜಿನ್ ಕೊಡ್ತೀವಿ ಕಣ್ರಪ್ಪ, ಮರಿ ಆಗೋಗಂಟ ಮುಟ್ಬ್ಯಾಡಿ” ಎಂದು ಬಾನೆಟ್ ಮುಚ್ಚಿದರು. ಹಬ್ಬ ಹತ್ತಿರವಿತ್ತು, ಕೋಳಿಗೆ ಆತುರವಿರಲಿಲ್ಲ. ಅಲ್ಲಿಂದ ಕೃಷ್ಣರಾಜನಗರ. ಅಲ್ಲಿ ಟ್ಯಾಕ್ಸಿಯೊಂದರ ಇಂಜಿನ್ ಮಾರಾಟಕ್ಕಿತ್ತು. ಮಾಲೀಕರು ಹೆಮ್ಮೆಯಿಂದ, “ನಾಕು ಸತಿ ಬೋರ್ ಮಾಡ್ಸಿವ್ನಿ ಸ್ವಾಮಿ” ಎಂದರು. ಅಂದರೆ ಸವೆದ ಸಿಲಿಂಡರನ್ನು ನಾಲ್ಕು ಸಲ ಕೊರೆಸಿ ಅಗಲ ಮಾಡಿಸಿದ್ದರು. ದಸ್ತಗೀರ್ ಒಳಗೆ ಬೆರಳಾಡಿಸಿ, “ಇನ್ನೊಂದು ಸತಿ ಕೊರುದ್ರೆ ಆಚೆ ಬೀದಿ ಕಾಣ್ತದೆ ಸಾರ್” ಎಂದು ನನ್ನ ಕಿವಿಯಲ್ಲಿ ಹೇಳಿದರು.

ಮೂರನೆಯದು ದಸ್ತಗೀರರ ಷೆಡ್ಡಿನಲ್ಲೇ ಗೋಣಿಚೀಲ ಹೊದ್ದು ಕುಳಿತಿತ್ತು. ಊರೂರು ಸುತ್ತುವ ಟೆಂಟ್ ಸಿನಿಮಾದವರು ಕರೆಂಟು ಉತ್ಪತ್ತಿಗೆ ಇಟ್ಟುಕೊಂಡಿದ್ದ ನಾಲ್ಕು ಸಿಲಿಂಡರಿನ ಇಂಜಿನ್. “ಉಟ್ಟಿದಾಗ್ಲಿಂದ ನೆಳ್ಳಲ್ಲೇ ಕುಂತು ಕೆಲ್ಸ ಮಾಡೈತೆ ಸಾರ್. ಒಂದು ಗುಂಡಿ ಇಳಿದಿಲ್ಲ, ಒಂದು ದಿಣ್ಣೆ ಅತ್ತಿಲ್ಲ” ಎಂದರು. ಈ ವಾದ ನನ್ನನ್ನು ಪೂರ್ತಿಯಾಗಿ ಗೆದ್ದುಬಿಟ್ಟಿತು. ಒಂದು ಮೈಲಿಯನ್ನೂ ಓಡದ ಇಂಜಿನ್ ಎಂದರೆ ಹೊಸದೇ ತಾನೆ. ಮತ್ತೆ ಮಾರಿದ್ದೇಕೆ ಎಂದು ಕೇಳಿದೆ. “ಎಲ್ಲಾ ಊರ್ಗೂ ಕರೆಂಟ್ ಬಂತಲ್ಲ ಸಾರ್” ಎಂದರು. ಎದುರು ಪಾರ್ಟಿಯ ಸಾಕ್ಷಿಗಳನ್ನು ಮಧ್ಯಾಹ್ನದವರೆಗೆ ನಿಲ್ಲಿಸಿ ಪಾಟೀಸವಾಲು ಹಾಕುವ ನಾನು, ಅಲ್ಲಿಗೆ ಸವಾಲು ನಿಲ್ಲಿಸಿದೆ.

ಆ ದೊಡ್ಡ ಬಾನೆಟ್ಟಿನೊಳಗೆ ಅದು ಕಲ್ಯಾಣಮಂಟಪದಲ್ಲಿ ಒಂಟಿ ಕುರ್ಚಿ ಇಟ್ಟ ಹಾಗೆ ಕಾಣುತ್ತಿತ್ತು. ಶಬ್ದ ಮಾತ್ರ ಜೋರು. ಮೂರು ಏಟು ಸರಿಯಾಗಿ ಹೊಡೆದು ನಾಲ್ಕನೆಯದಕ್ಕೆ ಬಿಕ್ಕಳಿಸುತ್ತಿತ್ತು. ಅದಕ್ಕಿಂತ ಗಾಬರಿಯ ವಿಷಯ, ಬಿಸಿಯಾಗಿದ್ದಾಗ ಒಮ್ಮೆ ನಿಲ್ಲಿಸಿದರೆ ತಳ್ಳದ ಹೊರತು ಮತ್ತೆ ಹೊತ್ತಿಕೊಳ್ಳುತ್ತಿರಲಿಲ್ಲ. ದಸ್ತಗೀರರಿಗೆ ಅದೊಂದು ದೋಷವೇ ಅಲ್ಲ. “ಬಿಸೀಲಿ ಆಫ್ ಮಾಡ್ಬ್ಯಾಡಿ, ಅಷ್ಟೇಯ. ಪಿಕ್ಚರ್ ಮುಗಿಯೋಗಂಟ ನಿಲ್ಲೋ ಅಭ್ಯಾಸ ಇಲ್ಲ ಅದ್ಕೆ.”

ಹಬ್ಬದ ಹಿಂದಿನ ದಿನ ಮಧ್ಯಾಹ್ನ ಹೊರಟೆವು. ಜಯ ಅಪ್ಪ ಕೊಡಿಸಿದ್ದ ಸೀರೆ ಉಟ್ಟಿದ್ದಳು. ದಾರಿಯಲ್ಲಿ ಎತ್ತಿನ ಗಾಡಿಗಳು ನಮ್ಮನ್ನು ಹಿಂದೆ ಹಾಕದಂತೆ ನೋಡಿಕೊಂಡೆವೇ ಹೊರತು ನಾವು ಬೇರೆ ಯಾರನ್ನೂ ಹಿಂದೆ ಹಾಕಲಿಲ್ಲ. ಆದರೂ ಕಾರು ನಿಲ್ಲಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಕಂಪಲಾಪುರ ಕಂಡಾಗ ಅವಳ ಮುಖದಲ್ಲಿ ನಗು ಮೂಡಿತು. ಅವಳ ತವರು ಮನೆ ಊರಿನ ಆ ತುದಿಯ ಬೀದಿಯಲ್ಲಿತ್ತು. ಇನ್ನು ಊರು ದಾಟಿದರೆ ಗೆದ್ದ ಹಾಗೆಯೇ ಎಂದುಕೊಂಡೆ.

ಊರ ಮುಂದಿನ ಬಯಲಿನ ಹತ್ತಿರ ಬರುತ್ತಿದ್ದ ಹಾಗೆ ಜನ ಮನೆಗಳಿಂದ ಹೊರಗೆ ಬರತೊಡಗಿದರು. ಮಾವನವರ ಕಾರಿಗೆ ಎಂಥ ಮರ್ಯಾದೆ ಎಂದು ನಾನು ಹಿಗ್ಗಿ, ಕೈಬೀಸಿದೆ. ಅವರು ನನ್ನತ್ತ ನೋಡಲಿಲ್ಲ. ಅವರ ಕಂಕುಳಲ್ಲಿ ಚಾಪೆ, ಕೈಯಲ್ಲಿ ಹುರಿಗಾಳು ಇದ್ದವು. “ಟೆಂಟು ಬಂತು ಕಣ್ರಲಾ” ಎಂದು ಯಾರೋ ಕೂಗಿದರು. ನೋಡನೋಡುತ್ತಿದ್ದಂತೆ ಕಾರಿನ ಮುಂದೆ ರಸ್ತೆಯ ಮೇಲೇ ಚಾಪೆಗಳು ಹಾಸಿಕೊಂಡವು. ನಾನು ಬ್ರೇಕ್ ಹಾಕಿ, ಗೇರ್ ತಪ್ಪಿಸಿ, ಇಂಜಿನ್ ಆರದಂತೆ ಆಕ್ಸಿಲರೇಟರ್ ಒತ್ತಿ ಹಿಡಿದೆ.

ಜಯಳ ಚಿಕ್ಕಪ್ಪ ಚಿಕ್ಕೇಗೌಡರು ಬಂದು ಬಾನೆಟ್ಟಿಗೆ ಕಿವಿಗೊಟ್ಟರು. “ಅದೇ ಟೆಂಟ್ ಇಂಜಿನ್ ಕಣ್ ಬುಡಿ ಅಳಿಯಂದ್ರೆ. ಮೂರೇಟು ಒಡೆದು ಬಿಕ್ಕಳಿಸ್ತದೆ. ಈ ಸದ್ದು ಕೇಳೇ ನಾವು ಒಲದಿಂದ ಎದ್ದು ಬತ್ತಿದ್ದುದು. ಓದ್ ಬ್ಯಾಸ್ಗೇಲಿ ಇಂಟ್ರುವಲ್ಲಿಗೆ ಕೆಟ್ಟು ನಿಂತೋಯ್ತು. ಉಳಿದರ್ಧ ನಾಳೆ ತೋರುಸ್ತೀವಿ ಅಂದವ್ರು, ಬೆಳಗಾಗೋದ್ರಲ್ಲಿ ಟೆಂಟ್ ಕಿತ್ಕಂಡು ಓದ್ರು.”

“ಆ ಪಿಕ್ಚರ್‌ನ ಎಣ್ಮಗಳು ಕೂಸ್ನ ಎತ್ಕಂಡು ಕೆರೆ ಏರಿ ಮ್ಯಾಲೆ ನಿಂತಿದ್ಲು ಕಣಪ್ಪ” ಎಂದಳು ಒಬ್ಬ ಅಜ್ಜಿ. “ಬಿದ್ಲೋ ಬದುಕುದ್ಲೋ ಗೊತ್ತಿಲ್ಲ. ಅದ ನೆನುಸ್ಕಂಡ್ರೆ ನಂಗೆ ಅನ್ನ ಸೇರಾಕಿಲ್ಲ.”

ಕರೆಂಟು ಬಂದದ್ದಕ್ಕೆ ಮಾರಿದ ಇಂಜಿನ್ನಿನ ಪೂರ್ವಚರಿತ್ರೆ ಹೀಗೆ ನಡುರಸ್ತೆಯಲ್ಲಿ ಬಯಲಾಯಿತು. ನಾನು ಕನ್ನಡಕ ತೆಗೆದು ಒರೆಸುತ್ತ, ಇಂಜಿನ್ ಮಾತ್ರ ನನ್ನದು, ಸಿನಿಮಾಕ್ಕೆ ನಾನು ಜವಾಬ್ದಾರನಲ್ಲ ಎಂದು ವಾದಿಸಿದೆ. “ಎಮ್ಮೆ ತಗಂಡು ಕರ ನಂದಲ್ಲ ಅಂದ್ರೆ ಆಯ್ತದಾ ಅಳಿಯಂದ್ರೆ” ಎಂದರು ಚಿಕ್ಕೇಗೌಡರು. ಜನ ಹೌದೌದೆಂದರು. ಇಂಜಿನ್ ನಿಲ್ಲಿಸಿದರೆ ಜನ ಚದುರುತ್ತಾರೆ, ನಿಜ. ಆದರೆ ಮತ್ತೆ ತಳ್ಳಿಸದೆ ಗತಿಯಿಲ್ಲ, ತಳ್ಳಿಸಿದರೆ ಕಾರು ಗುಜರಿಗೆ. ನಿಲ್ಲಿಸದಿದ್ದರೆ ಆ ಬಿಕ್ಕಳಿಕೆ ಕೇಳಿ ಅಕ್ಕಪಕ್ಕದ ಹಳ್ಳಿಯವರೂ ಬರುತ್ತಿದ್ದರು. ಬರುತ್ತಲೂ ಇದ್ದರು. ನಾನು ಆಕ್ಸಿಲರೇಟರಿನ ಮೇಲಿಟ್ಟ ಕಾಲು ತೆಗೆಯಲಾರದೆ ಬೆವೆತುಹೋದೆ. ಇಷ್ಟು ದೂರ ತಂದ ಕಾರನ್ನು ಅವಳ ತವರಿನ ಬಾಗಿಲಲ್ಲೇ ಕಳೆದುಕೊಂಡೆನಲ್ಲ ಎಂದುಕೊಂಡೆ.

ಜಯ ಇಷ್ಟು ಹೊತ್ತೂ ತಲೆ ತಗ್ಗಿಸಿ ಕುಳಿತಿದ್ದಳು. ಈಗ ತಲೆ ಎತ್ತಿ, “ಕಾಲು ತೆಗೀಬೇಡಿ” ಎಂದು ನನಗೆ ಹೇಳಿ ಬಾಗಿಲು ತೆರೆದಳು. ಕಾರಿನ ಮೆಟ್ಟಿಲ ಮೇಲೆ ನಿಂತು, “ಕೂತ್ಕಳಿ ಎಲ್ರೂವೆ. ಆ ಪಿಕ್ಚರ್‌ನ ನಾನು ಮೈಸೂರಲ್ಲಿ ನೋಡಿವ್ನಿ. ಉಳಿದರ್ಧ ಹೇಳ್ತೀನಿ” ಎಂದಳು. ಮದುವೆಯಾದ ಮೇಲೆ ಅವಳು ತನ್ನೂರಿನ ಭಾಷೆ ಆಡಿದ್ದನ್ನು ನಾನು ಕೇಳಿರಲಿಲ್ಲ. ಮೈಸೂರಿಗೆ ಯಾವಾಗ ಹೋಗಿದ್ದಳು, ಯಾರ ಜೊತೆ ನೋಡಿದಳು ಎಂಬುದೂ ಹೊಳೆಯಲಿಲ್ಲ.

ಹುಡುಗಿ ಕೆರೆಗೆ ಬೀಳಲಿಲ್ಲವಂತೆ. ಅಷ್ಟರಲ್ಲಿ ಆ ದಾರಿಯಲ್ಲಿ ಒಬ್ಬ ಲಾಯರ್ ಬಂದನಂತೆ. ಒಳ್ಳೆಯವನೇ, ಆದರೆ ಏನು ಕೇಳಿದರೂ ಮೊದಲು ಕನ್ನಡಕ ತೆಗೆದು ಒರೆಸುತ್ತಾನಂತೆ. ಜನ ನಕ್ಕರು. ನನ್ನ ಕೈ ಕನ್ನಡಕದ ಮೇಲೆ ಹಾಗೇ ನಿಂತಿತು. ಅವನು ಊರಿನವರನ್ನೆಲ್ಲ ಸಲಹೆ ಕೇಳಿ, ಯಾರೂ ಹೇಳದ್ದನ್ನೇ ಮಾಡುತ್ತಾನಂತೆ. ಉಳುವುದಕ್ಕೆ ಎತ್ತು ತರಲು ಹೋದವನು, ಹುಟ್ಟಿದಾಗಿನಿಂದ ನೊಗವನ್ನೇ ಕಾಣದ ಎತ್ತನ್ನು ಹುಡುಕಿ, ಇದು ಸವೆದೇ ಇಲ್ಲ ಎಂದು ಕೊಂಡು ತರುತ್ತಾನಂತೆ. ಚಿಕ್ಕೇಗೌಡರು ನಗು ತಡೆಯಲಾರದೆ ಬಾನೆಟ್ ತಟ್ಟಿದರು. ಕೊನೆಗೆ ಕೋರ್ಟಿನಲ್ಲಿ ಲಾಯರಿಗೆ ಮಾತೇ ಹೊರಡದೆ, ಆ ಹುಡುಗಿ ತಾನೇ ನಿಂತು ವಾದಿಸಿ ಗೆದ್ದಳಂತೆ. “ಬದುಕುದ್ಲಲ್ಲ, ಅಷ್ಟು ಸಾಕು” ಎಂದು ಅಜ್ಜಿ ಕಣ್ಣೊರೆಸಿಕೊಂಡಳು.

ಚಾಪೆಗಳು ಸುತ್ತಿಕೊಂಡವು, ದಾರಿ ಬಿಟ್ಟುಕೊಂಡಿತು. ಯಾರೂ ತಳ್ಳದೆ ನಾವು ತವರು ಮನೆಯ ಮುಂದೆ ಹೋಗಿ ನಿಂತೆವು. ಜಯಳ ಮುಖ ಕೆಂಪೇರಿ ಹೊಳೆಯುತ್ತಿತ್ತು. “ಕಾರು ಇರಲಿ ಬಿಡಿ, ಅಪ್ಪ ಇದ್ದಿದ್ರೆ ಎಷ್ಟು ನಗ್ತಿದ್ರೋ” ಎಂದಳು. ನನಗೆ ಎಷ್ಟು ಸಂತೋಷವಾಯಿತೆಂದರೆ, ಆ ಲಾಯರಿನ ಪಾತ್ರವನ್ನು ಕಥೆ ಬರೆದವನ ದುರ್ಬುದ್ಧಿ ಎಂದು ಕ್ಷಮಿಸಿಬಿಟ್ಟೆ.

ಕೆಲವು ತಿಂಗಳ ನಂತರ ಅದೇ ಪಿಕ್ಚರ್ ಹುಣಸೂರಿಗೆ ಬಂತು. ಜಯ ತಲೆನೋವು ಎಂದಳು, ಅಡುಗೆಯಾಗಿಲ್ಲ ಎಂದಳು, ನಾನು ಬಿಡದೆ ಕರೆದುಕೊಂಡು ಹೋದೆ. ಇಂಟರ್‌ವಲ್ ಆದಮೇಲೆ ರೆಪ್ಪೆ ಬಡಿಯದೆ ಕಾದೆ. ಕೆರೆ ಏರಿಯ ಮೇಲೆ ಬಂದವನು ಒಬ್ಬ ಬೆಸ್ತ. ಹುಡುಗಿಯನ್ನು ಅವನೇ ಉಳಿಸಿದ, ಅವಳ ಗಂಡ ಬಂದು ಕಾಲಿಗೆ ಬಿದ್ದ, ಪಿಕ್ಚರ್ ಮುಗಿಯಿತು. ಕೋರ್ಟೂ ಇಲ್ಲ, ಲಾಯರೂ ಇಲ್ಲ. ದೀಪ ಹತ್ತಿದ ಮೇಲೂ ನಾನು ಬಾಯಿ ತೆರೆದುಕೊಂಡು ಪರದೆಯನ್ನೇ ನೋಡುತ್ತಿದ್ದೆ.

“ಹುಣಸೂರಿನವರು ಕತ್ತರಿಸಿಬಿಟ್ಟಿದಾರೆ ಅಂತ ಕಾಣುತ್ತೆ” ಎಂದಳು ನನ್ನ ಹೆಂಡತಿ, ನನ್ನ ಕಡೆ ನೋಡದೆ.