ಸರ್ವಾನುಮತದ ನಲ್ಲಿ

ತತ್ವಶಾಸ್ತ್ರದ ಮೇಷ್ಟ್ರು ಪರಮೇಶ್ವರಪ್ಪನವರು ಅಮೆರಿಕದವರೇ ಮರೆತ ಒಬ್ಬ ಅಮೆರಿಕನ್ ತತ್ವಜ್ಞಾನಿಯನ್ನು ಎರಡನೆಯ ಸಲ ಓದಿದ್ದೇ ಎಡವಟ್ಟಾಯಿತು. ಹಿಂದೊಮ್ಮೆ ಪರೀಕ್ಷೆಗೆಂದು ಉರುಹೊಡೆದಿದ್ದ ಪುಸ್ತಕ ಮೊನ್ನೆ ಮಂಡಿಪೇಟೆಯ ರದ್ದಿಯಲ್ಲಿ ಸಿಕ್ಕಿತ್ತು. ‘ತೀರ್ಮಾನದ ಬಾಧೆ ಯಾರಿಗೆ ತಟ್ಟುತ್ತದೋ ಅವರೆಲ್ಲ ಕೂಡಿಯೇ ಅದನ್ನು ಮಾಡಬೇಕು’ ಎಂಬ ಮಾತು, ಈಗಷ್ಟೇ ಓಟು ಹಾಕಲು ಕಲಿತ ನಮ್ಮ ದೇಶಕ್ಕೆಂದೇ ಬರೆದಂತೆ ಕಂಡಿತು.

ಓದಿ ಮುಗಿಸಿದ ಮರುದಿನ ಬೆಳಿಗ್ಗೆ ಪುರಸಭೆಯ ಓವರ್‌ಸಿಯರ್ ಸೂರಪ್ಪ ಬಂದ. “ಸಾರ್, ನಿಮ್ಮ ಓಣಿಗೊಂದು ನಲ್ಲಿ ಮಂಜೂರಾಗೈತೆ. ನಿಮ್ಮ ಮನೆ ಮುಂದೇ ಹಾಕ್ತೀನ್ರಿ, ಪೈಪು ನೆಟ್ಟಗೆ ಬರ್ತೈತೆ.”

ಒಳಗಿದ್ದ ಹೆಂಡತಿ ನಿರ್ಮಲಮ್ಮನ ಮುಖ ಅರಳಿತು. ಹರಿಹರದ ಹೊಳೆದಂಡೆಯಲ್ಲಿ ಬೆಳೆದ ಆಕೆ ದಾವಣಗೆರೆಗೆ ಬಂದಾಗಿನಿಂದ ರೈಲ್ವೆ ಹಳಿಯಾಚೆಯ ಬಾವಿಯಿಂದ ನೀರು ಹೊತ್ತು ಹೊತ್ತು ಸೋತಿದ್ದಳು.

“ತಡೀರಿ,” ಎಂದರು ಮೇಷ್ಟ್ರು. “ಓಣಿಯೋರನ್ನ ಕೇಳದೆ ಹಾಕಿದ್ರೆ ಪ್ರಜಾಪ್ರಭುತ್ವ ಆಗಲ್ಲ.”

“ಕೇಳಿದ್ರೆ ನಲ್ಲಿ ಆಗಲ್ರಿ,” ಎಂದ ಸೂರಪ್ಪ.

ಮೇಷ್ಟ್ರು ಜಗಲಿಗೆ ಚಾಪೆ ಹಾಸಿಯೇಬಿಟ್ಟರು. ಓಣಿ ನೆರೆಯಿತು. ಅಮೆರಿಕದವನ ಬಾಧೆಯ ಮಾತನ್ನು ಮನೆಯೊಳಗಿನವರಿಗೂ ಕೇಳುವಂತೆ ಓದಿ ಹೇಳಿದರು.

“ನಮ್ಮ ಮನೆ ಮುಂದೆ ಹಾಕ್ರಿ, ಮಂದಿ ಬಾಳ ಅದೀವಿ,” ಎಂದರು ಬಟ್ಟೆ ವ್ಯಾಪಾರಿ ಮಸ್ತಾನಸಾಬರು.

“ಈ ಓಣಿಗೆ ಮೊದ್ಲು ಬಂದೋಳು ನಾನು,” ಎಂದು ಎದುರುಮನೆ ರಂಗವ್ವ ಕಡ್ಡಿ ಮುರಿದಂತೆ ಹೇಳಿದಳು.

ಮಾತು ನಲ್ಲಿ ಬಿಟ್ಟು ಯಾರದೋ ಅಂಗಳಕ್ಕೆ ನುಗ್ಗಿದ ಮೇಕೆಗೆ ಹೋಯಿತು, ಮೇಕೆಯಿಂದ ಮದುವೆಗೆ ಕರೆಯದ ಹಳೆಯ ಸಿಟ್ಟಿಗೆ ಹೋಯಿತು. ಮೇಷ್ಟ್ರು ಎರಡು ಸಲ ಮಂಡಕ್ಕಿ ಹಂಚಿದರು.

ಸಂಜೆ ರಂಗವ್ವನೇ ದಾರಿ ತೋರಿಸಿದಳು. “ಯಾರ ಹೊಟ್ಟೇನೂ ಉರಿಯೋದು ಬ್ಯಾಡ. ಹಳಿಯಾಚೆ ಬಾವಿ ಪಕ್ಕನೇ ಹಾಕ್ಬಿಡ್ರಿ. ಎಲ್ರಿಗೂ ಅಷ್ಟೇ ದೂರ.”

“ಬರೋಬರ್!” ಎಂದರು ಮಸ್ತಾನಸಾಬರು. ಓಣಿಯ ಕೈಗಳೆಲ್ಲ ಒಟ್ಟಿಗೆ ಮೇಲೆದ್ದವು.

ಮೇಷ್ಟ್ರು ಅಳುಕುತ್ತಲೇ ಒಳಗೆ ಹೋದರು. ನಿರ್ಮಲಮ್ಮ ಬೈಯಲಿಲ್ಲ. “ಇನ್ನು ನೀರು ಯಾರು ತರಬೇಕು ಅಂತ ನಾವೂ ಕೂಡಿ ತೀರ್ಮಾನ ಮಾಡೋಣ್ರಿ.”

“ಇದು ಮನೆ ವಿಷಯ ಕಣೇ!”

“ನಿಮ್ಮ ಅಮೆರಿಕದೋನು ಮನೆಗೊಂದು ಓಣಿಗೊಂದು ಹೇಳ್ಯಾನೇನು?”

ಮೂಲೆಯಲ್ಲಿ ಕೂತಿದ್ದ ತಾಯಿ ಮರುಳಸಿದ್ದಮ್ಮನನ್ನು ಕಂಡು ಮೇಷ್ಟ್ರಿಗೆ ಜೀವ ಬಂತು. ಮಗನ ಕೈಯಲ್ಲಿ ಒಂದು ಲೋಟವನ್ನೂ ತೊಳೆಸಿದ ತಾಯಿಯಲ್ಲ ಅದು.

“ನೀನೇ ತಾರಪ್ಪ,” ಎಂದಳು ತಾಯಿ ಕೈಯೆತ್ತಿ. “ಇವಳು ನೀರಿಗೆ ಹೋದ್ರೆ ಅಡಿಗೆ ತಡ ಆಗ್ತೈತೆ. ಹಸ್ಕೊಂಡು ಕೂರೋಳು ನಾನು. ಬಾಧೆ ನಂದು.”

ನಲ್ಲಿ ಬಂದ ದಿನ ಮೇಷ್ಟ್ರು ಕೊಡ ಹಿಡಿದು ಹಳಿ ದಾಟಿದರು. ಸಾಲು ಉದ್ದವಿತ್ತು. ಕಾಲೇಜಿಗೆ ಹೊತ್ತಾಯಿತೆಂದು ರಂಗವ್ವನ ಮುಂದೆ ಜಾಗ ಬೇಡಿದರು.

“ನಂದೇನಿಲ್ರಿ ಮೇಷ್ಟ್ರೆ,” ಎಂದಳು ರಂಗವ್ವ. “ಸಾಲಿನಾಗಿರೋರನ್ನೆಲ್ಲ ಕೇಳ್ರಿ. ಎಲ್ರೂ ಒಪ್ಪಿದ್ರೆ ಬರ್ರಿ.”

ಮೇಷ್ಟ್ರು ಯಾರನ್ನೂ ಕೇಳಲಿಲ್ಲ. ಕೊಡ ಎತ್ತಿಕೊಂಡು ಹೋಗಿ ಸಾಲಿನ ಕೊನೆಗೆ ನಿಂತರು.