ಸೋದರತ್ತೆಯ ಪಾಲಿನ ಗುದ್ದು

ಬಸವಕಲ್ಯಾಣ,
ಶ್ರಾವಣ ಸೋಮವಾರ, 1983

ಪರಮಮಾನ್ಯ ‘ಆಂಟಿ’ ಎಂಬ ಪದದವರ ಸನ್ನಿಧಾನಕ್ಕೆ,

ಮಾನ್ಯರೇ, ತಾವು ಏಳು ಸಮುದ್ರ ದಾಟಿ ಹುಮನಾಬಾದಿನಲ್ಲಿರುವ ನನ್ನ ತಮ್ಮ ಮಹಾರುದ್ರಪ್ಪನ ಮನೆಯವರೆಗೂ ದಯಮಾಡಿಸಿದ್ದಕ್ಕೆ, ಕಸ್ತೂರಿಬಾಯಿ ಎಂಬ ನಾನು ಸೆರಗು ಹೊದ್ದು ಕೈಮುಗಿದು ಸ್ವಾಗತ ಕೋರುತ್ತೇನೆ.

ಪರಭಾಷೆಯವರೆಂದು ಯಾರನ್ನೂ ಹೊಸ್ತಿಲಾಚೆ ನಿಲ್ಲಿಸುವ ಸೀಮೆ ನಮ್ಮದಲ್ಲ. ಮರಾಠಿಯ ಮೌಶಿ ಎಂದೋ ಬಂದು ನಮ್ಮ ತಾಯಿಯ ತಂಗಿಯಾದಳು, ಬಂದವಳು ಕೂಸುಗಳಿಗೆ ಎಣ್ಣೆ ತಿಕ್ಕಿದಳು. ಹುಮನಾಬಾದಿನ ಆ ತವರಿನ ಪಕ್ಕದ ಮನೆಯ ಮುನ್ನಿ ಬೀ ನಮಗೆಲ್ಲ ಉರ್ದುವಿನ ಚಿಕ್ಕಮ್ಮ, ಖಾಲಾ; ರಂಜಾನಿಗೆ ಸುರಕುಂಬಾ ಪಾಯಸ ಕಳಿಸುತ್ತಾರೆ, ತಪ್ಪು ಮಾಡಿದರೆ ಕಿವಿ ಹಿಂಡುತ್ತಾರೆ. ಹೀಗೆ ಎರವಲು ಬಂದವರೆಲ್ಲ ಒಂದೊಂದು ಕೆಲಸ ಹೊತ್ತೇ ಬಂದರು. ತಾವು ಮಾತ್ರ ಕೈಬೀಸಿಕೊಂಡು ಬಂದು ಎಲ್ಲರ ಮಣೆಯ ಮೇಲೂ ಒಬ್ಬರೇ ಕುಳಿತಿರಿ. ಎಂಥ ಸಾಮರ್ಥ್ಯ!

ಕಳೆದ ವಾರ ತಮ್ಮನ ಮಗಳನ್ನು ತೊಟ್ಟಿಲಿಗೆ ಹಾಕಿದರು. ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು. ಹೇಳುವಾಗ ನೆರೆದವರಲ್ಲಿ ಐದು ಜನ ಹೆಂಗಸರು ಅವಳ ಬೆನ್ನಿಗೆ ಗುದ್ದುವುದು ಪದ್ಧತಿ. ಮಕ್ಕಳಿಲ್ಲದ ನಾನು ಆ ಗುದ್ದಿನ ಆಸೆಗೆ, ಕೂಸಿನ ತಲೆಗೊಂದು ಕುಂಚಿಗೆ ಹೊಲಿದುಕೊಂಡು ಮೊದಲ ಬಸ್ಸಿಗೇ ಹೋದೆ. ಆದರೆ ತಮ್ಮನ ಹೆಂಡತಿ ಶಕುಂತಲಾಬಾಯಿ, “ಈಗ ಎಲ್ಲಾರೂ ಆಂಟಿನೇ ಅದಾರಲ್ರಿ ಅಕ್ಕಾ, ಯಾರು ಹೆಸರು ಹೇಳಿದ್ರೇನು?” ಎಂದು ಮಾಳಿಗೆ ಮೇಲೆ ಬಾಡಿಗೆಗಿರುವ ಇಂಜಿನಿಯರರ ಹೆಂಡತಿಯನ್ನು ಕೂರಿಸಿದಳು. ಪದ್ಧತಿ ಅರಿಯದ ಆ ಮಹಾತಾಯಿ ಮೊದಲ ಗುದ್ದಿಗೇ ಚೀರಿ, ಹೆಸರನ್ನು ಗಂಟಲಲ್ಲೇ ನುಂಗಿ, ಮೆಟ್ಟಿಲು ಹತ್ತಿ ಓಡಿದರು. ಎಲ್ಲರೂ ನಕ್ಕರು. ನನಗೆ ಅಳು ಬಂತು. ಕೂಸಿಗೆ ಹೆಸರಿಲ್ಲ, ಕುಂಚಿಗೆ ನನ್ನ ಚೀಲದಲ್ಲೇ ಉಳಿಯಿತು.

ಆದ್ದರಿಂದ ಸರ್ವರ ಜಾಗವನ್ನೂ ತುಂಬಬಲ್ಲ ತಾವು ಸಶರೀರವಾಗಿ ಹುಮನಾಬಾದಿಗೆ ಬಂದು, ಅತ್ತೆಯ ಪಾಲಿನ ಗುದ್ದು ತಿಂದು, ಮೌಶಿಯ ಪಾಲಿನ ಎಣ್ಣೆ ತಿಕ್ಕಿ, ಖಾಲಾ ಪಾಲಿಗೆ ನನ್ನ ತಮ್ಮನ ಕಿವಿಯನ್ನೂ ಹಿಂಡಿ ಹೋಗಬೇಕಾಗಿ ವಿನಂತಿ. ಬಸ್ಸು ತುಂಬಿರುತ್ತದೆ, ಹಿಂದೆ ಮುಂದೆ ಯಾರೂ ಇಲ್ಲದ ತಮಗೆ ನಿಲ್ಲಲು ಎಷ್ಟು ಜಾಗ ಬೇಕು?

ತಮ್ಮ ವಿಶ್ವಾಸಿ, ಇಂದಿಗೂ ಅತ್ತೆಯೇ ಆಗಿರುವ
ಕಸ್ತೂರಿಬಾಯಿ

ತಾ.ಕ.: ಇದನ್ನು ಅಂಚೆಗೆ ಹಾಕುವ ಮೊದಲು ನಿನ್ನೆ ಮತ್ತೆ ಅಲ್ಲಿಗೆ ಹೋಗಿದ್ದೆ. ಬಾಣಂತಿ ಬಚ್ಚಲಿಗೆ ಹೋದಾಗ ತೊಟ್ಟಿಲಿಗೆ ಬಗ್ಗಿ ಕೂಸಿನ ಕಿವಿಗಷ್ಟೇ ಕೇಳುವಂತೆ ಹೆಸರು ಹೇಳಿಬಿಟ್ಟೆ. ಐದು ಜನರ ಗುದ್ದನ್ನು ಮುನ್ನಿ ಬೀ ಒಬ್ಬರೇ ಹಾಕಿದರು. ಬೆನ್ನು ಇನ್ನೂ ನೋಯುತ್ತಿದೆ, ಬಹಳ ಸುಖವಾಗಿದೆ. ಏನು ಹೆಸರು ಎಂದು ತಮ್ಮನ ಮನೆಯವರು ಗೋಗರೆಯುತ್ತಿದ್ದಾರೆ. ಎಲ್ಲರೂ ಆಂಟಿಯೇ ಅಲ್ಲವೇ, ಯಾರನ್ನಾದರೂ ಕೇಳಿಕೊಳ್ಳಲಿ.