ಎಡಗಡೆಯ ಕಂಬಗಳು

"ಇಪ್ಪತ್ತೆರಡು ವರ್ಷ ಬಸ್ಸು ಹೊಡದ ಕೈ ಇದು! ಈ ಡಬ್ಬಿಯೊಳಗಿನ ಗಾಡಿ ನನಗ್ಯಾವ ಲೆಕ್ಕ? ಸರಿ ಅತ್ತಾಗ!" ಎಂದು ಶಿವಲಿಂಗಪ್ಪ ಮಗಳನ್ನು ಕುರ್ಚಿಯಿಂದ ಎಬ್ಬಿಸಿ, ಕಂಪ್ಯೂಟರಿನ ಮುಂದೆ ಸಿಂಹಾಸನಾರೂಢನಾದ.

ಇದು ಎರಡು ಸಾವಿರದ ಐದರ ಮಾತು. ಇಳಕಲ್ಲಿನ ಆ ಓಣಿಯಲ್ಲಿ ಮನೆಮನೆಗೂ ಮಗ್ಗವಿತ್ತು. ಕಂಪ್ಯೂಟರ್ ಇದ್ದದ್ದು ಶಿವಲಿಂಗಪ್ಪನ ಮನೆಯಲ್ಲಿ ಮಾತ್ರ. ಮಗಳು ಚೇತನಾ ಹುನಗುಂದದ ಕಾಲೇಜಿನಲ್ಲಿ ಅದನ್ನೇ ಓದುತ್ತಿದ್ದಳೆಂದು ಯಾರೋ ಬಳಸಿ ಬಿಟ್ಟದ್ದನ್ನು ತಂದಿದ್ದರು. ಹೆಂಡತಿ ದುರ್ಗವ್ವ ಪಡಸಾಲೆಯಲ್ಲಿ ಸೀರೆ ನೇಯುತ್ತಿದ್ದಳು. ಶಿವಲಿಂಗಪ್ಪ ಮಾತ್ರ ಹರೆಯದಲ್ಲೇ ಮಗ್ಗ ಬಿಟ್ಟೆದ್ದು ಸ್ಟೇರಿಂಗ್ ಹಿಡಿದವನು. ಅಹ್ಮದಸಾಬರ ಬಸ್ಸಿನಲ್ಲಿ ಪ್ರವಾಸಿಗಳನ್ನೂ ದಿಬ್ಬಣಗಳನ್ನೂ ಐಹೊಳೆ, ಬಾದಾಮಿ, ಮಹಾಕೂಟಕ್ಕೆ ಒಯ್ಯುತ್ತಿದ್ದ. ಇಷ್ಟು ವರ್ಷಗಳಲ್ಲಿ ಒಂದು ಕೋಳಿಯನ್ನೂ ಕೊಂದವನಲ್ಲ ಎಂಬುದೇ ಅವನ ಬಿರುದು, ಬಾವಲಿ, ಎಲ್ಲ!

ಚೇತನಾ ಆಡುತ್ತಿದ್ದ ಗಾಡಿ ಆಟದ ನಿಯಮ ಸರಳ. ಗಾಡಿ ಆರಿಸಿಕೊಳ್ಳಬೇಕು. ಇಳಿಜಾರು ಹಲಗೆಯ ಮೇಲೆ ಓಡಿಸಿ ಹಾರಿಸಬೇಕು, ಗಾಳಿಯಲ್ಲಿ ಪಲ್ಟಿ ಹೊಡೆಸಿ ಮತ್ತೆ ಗಾಲಿಯ ಮೇಲೇ ಇಳಿಸಬೇಕು. ಪಲ್ಟಿಗೆ ಅಂಕ ಕೂಡುತ್ತದೆ; ಕಂಬಕ್ಕೆ ಬಡಿದರೆ ಎಲ್ಲ ಹೋಗುತ್ತದೆ. ಚೇತನಾಳ ದಾಖಲೆ ನಲವತ್ತು ಸಾವಿರ.

"ಅಪ್ಪಾ, ಕೆಂಪು ಕಾರು ತಗೋ. ಹಗುರ ಐತಿ, ಛಲೋ ಹಾರತೈತಿ."

"ಕಾರಿನ್ಯಾಗ ಮಂದಿ ಎಲ್ಲಿ ಕುಂದ್ರತಾರ? ಬಸ್ ಹಚ್ಚು!"

ಮೊದಲ ದಿನ ಹಲಗೆ ಕಂಡರೆ ಸಾಕು, ಬ್ರೇಕು! ಆಮೇಲೆ ಹಾರ್ನಿನ ಗುಂಡಿಗಾಗಿ ಹುಡುಕಾಟ. ಅಂಕ ಸೊನ್ನೆ.

"ಅಪ್ಪಾ, ಹಾರಸಬೇಕು!"

"ಹಿಂದ ಮಂದಿ ಕುಂತಿರತಾರ ಯವ್ವಾ!"

ವಾರದೊಳಗೆ ಹಿಂದಿನ ಮಂದಿಯನ್ನು ದೇವರಿಗೆ ಒಪ್ಪಿಸಿ ಹಾರುವುದನ್ನು ಕಲಿತ. ಬಸ್ಸು ಆಕಾಶದಲ್ಲಿ ಲಾಗ ಹೊಡೆಯಿತು. ಐದು ಸಾವಿರ! ಹದಿನೆಂಟು ಸಾವಿರ! ಆದರೆ ಇಳಿದ ಕೂಡಲೇ ಕಂಬಕ್ಕೆ ಢಣ್ ಎಂದು ಬಡಿಯುತ್ತಿತ್ತು.

"ಮೋಸ ಮಾಡತೈತಿ ಇದು! ಅಲ್ಲಿ ಕಂಬ ಇರಲಿಲ್ಲ. ನಾ ಬಂದ ಮ್ಯಾಲ ನೆಡತೈತಿ!"

ದುರ್ಗವ್ವ ಮಗ್ಗದಿಂದಲೇ ಲಾಳಿಗಿಂತ ಜೋರಾಗಿ ಮಾತು ಎಸೆದಳು: "ಮೊನ್ನಿ ತಾಟಿನ್ಯಾಗ ಪಲ್ಯ ಹಾಕಿಲ್ಲಂತ ಜಗಳಾ ತಗದ್ರಿ. ಪಲ್ಯ ಎಡಕ್ಕ ನಕ್ಕೋಂತ ಕುಂತಿತ್ತು. ಅದನ್ನೂ ಕಂಪ್ಯೂಟರ್ ತಂದು ಇಟ್ಟಿತ್ತೇನ್ರಿ?"

ಮೂವರೂ ನಕ್ಕರು. ಹೆಚ್ಚು ನಕ್ಕವನು ಶಿವಲಿಂಗಪ್ಪನೇ.

ಭಾನುವಾರ ಊಟವಾದ ಮೇಲೆ ಮಹಾಯುದ್ಧ. ಮೂವತ್ತೆಂಟು ಸಾವಿರ ಮುಟ್ಟಿತು! ಇನ್ನೊಂದೇ ಹಾರಿಕೆ! ಬಸ್ಸು ಹಾರಿತು, ತಿರುಗಿತು, ಇಳಿಯಿತು. ಢಣ್!

ಚೇತನಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಇವತ್ತ ಹನ್ನೊಂದು ಸಲ ಬಡದಿ ಅಪ್ಪಾ! ಹನ್ನೊಂದೂ ಎಡಗಡೀ ಕಂಬ..."

ಹೇಳುತ್ತಿದ್ದಂತೆಯೇ ಅವಳ ನಗು ನಿಂತಿತು. ಆಟವನ್ನು ಅಲ್ಲೇ ನಿಲ್ಲಿಸಿ ಕೇಳಿದಳು:

"ಅಪ್ಪಾ, ಈಗ ಎಷ್ಟು ಕಂಬ ಕಾಣ್ತಾವ?"

"ಎರಡು."

ಪರದೆಯ ಮೇಲೆ ನಾಲ್ಕು ಇದ್ದವು. ಅವಳು ಅವನ ಬೆರಳು ಹಿಡಿದು ಎಡಕ್ಕೆ ಒಯ್ದು ಗಾಜಿನ ಮೇಲೆ ಇಟ್ಟಳು. ಅವನು ಕುತ್ತಿಗೆ ತಿರುಗಿಸಿದ. ಇನ್ನೆರಡು ಕಂಬಗಳು ನೆಟ್ಟಗೆ ನಿಂತಿದ್ದವು.

"ಇವು ಈಗ ಬಂದಾವ" ಎಂದ. ದನಿ ಸಣ್ಣದಾಗಿತ್ತು.

ಮಗ್ಗದ ಸದ್ದು ನಿಂತಿತು. ದುರ್ಗವ್ವ ಎದ್ದು ಬಂದಳು. "ಸಂಕ್ರಾಂತಿ ಮುಂದ ತಲಿ ಹಿಡಕೊಂಡು ಎರಡು ದಿನ ಮಲಗಿದ್ರಿ. ಅವತ್ತಿನಿಂದ ಹಿಂಗೇನ್ರಿ?"

ಬಸ್ಸಿನ ಎಡ ಮಗ್ಗುಲಿಗೆ ಈಚೆಗೆ ಬಿದ್ದ ಎರಡು ಗೀರುಗಳು ಶಿವಲಿಂಗಪ್ಪನಿಗೆ ನೆನಪಾದವು. ಕೆರೂರ ಸಂತೆಯಲ್ಲಿ ಮುದುಕಿಯೊಬ್ಬಳು ಕಾಯಿಪಲ್ಯದ ಬುಟ್ಟಿ ಬಿಟ್ಟು, ಚೀರಿ ಹಿಂದೆ ಹಾರಿದ್ದಳು. "ಕಣ್ಣು ಕಾಣಂಗಿಲ್ಲೇನಬೇ?" ಎಂದು ಬೈದವನು ಇವನೇ! ಬಸ್ಸಿಗೆ ಕಾಯುವ ಮಂದಿಯೆಲ್ಲ ನಿಲ್ಲುವುದು ಎಡಕ್ಕೇ.

ಮರುದಿನ ಮುಂಜಾನೆ ಐವತ್ತು ಮಂದಿಯ ದಿಬ್ಬಣವನ್ನು ಬಾದಾಮಿಗೆ ಒಯ್ಯುವುದಿತ್ತು. ಭಾನುವಾರ ಸಂಜೆಯೇ ಹೋಗಿ ಅಹ್ಮದಸಾಬರ ಮುಂದೆ ಬಸ್ಸಿನ ಚಾವಿ ಇಟ್ಟ.

"ಬ್ಯಾರೆ ಡ್ರೈವರ್ ನೋಡ್ರಿ ಸಾಹೇಬ್ರ."

"ಯಾಕ? ಯಾರರ ಏನರ ಅಂದ್ರೇನು?"

"ಇಲ್ರಿ. ನನಗ ಎಡಗಡೀದು ಏನೂ ಕಾಣವಲ್ದು. ಮಗಳ ಆಟದಾಗ ಗೊತ್ತಾತು."

ಅಹ್ಮದಸಾಬರು ನಗಲು ಹೋದವರು ಅವನ ಮುಖ ನೋಡಿ ನಗು ನುಂಗಿದರು. ಕುರ್ಚಿ ಮುಂದಕ್ಕೆ ಎಳೆದುಕೊಂಡು ಕೇಳಿದರು: "ಮತ್ತ ಇಷ್ಟು ದಿನ ಹ್ಯಾಂಗ ಹೊಡದಿ?"

"ಅದನ್ನ ಕೇಳಬ್ಯಾಡ್ರಿ" ಎಂದು ಶಿವಲಿಂಗಪ್ಪ ಚಾವಿಯನ್ನು ಅವರತ್ತ ಸರಿಸಿದ.

ಬಾಗಲಕೋಟೆಯ ದವಾಖಾನೆಯಲ್ಲಿ ಡಾಕ್ಟರು ಎಲ್ಲ ನೋಡಿ ಹೇಳಿದರು: "ಕಣ್ಣು ಎರಡೂ ಛಲೋ ಅದಾವ. ತಲಿಯೊಳಗ ಒಂದು ಸಣ್ಣ ರಕ್ತನಾಳ ಕಟ್ಟಿತ್ತು, ಅದಕ್ಕ ಎರಡೂ ಕಣ್ಣಿಗೆ ಎಡಗಡೀದು ಕಾಣಂಗಿಲ್ಲ. ಹೋದ ನೋಟ ತಿರುಗಿ ಬರೂದು ಕಷ್ಟ. ಇನ್ನ ಗಾಡಿ ಮುಟ್ಟಬ್ಯಾಡ್ರಿ."

ಹೊರಗೆ ಬಂದು ಬೇವಿನ ಮರದ ಕಟ್ಟೆಯ ಮೇಲೆ ಕುಳಿತು ಶಿವಲಿಂಗಪ್ಪ ಅತ್ತ. ಹೋಗುವವರು ಬರುವವರು ನೋಡುತ್ತಾರೆಂಬ ನಾಚಿಕೆಯೂ ಇಲ್ಲದೆ, ಹೆಗಲ ಮೇಲಿನ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ದುರ್ಗವ್ವ ತಡೆಯಲಿಲ್ಲ. ಅಳು ಮುಗಿದ ಮೇಲೆ ಇಬ್ಬರೂ ಬಸ್‌ಸ್ಟ್ಯಾಂಡಿನ ಕಡೆ ನಡೆದರು. ನಾಲ್ಕು ಹೆಜ್ಜೆ ಇಟ್ಟು ಅವನು ಗಾಬರಿಯಿಂದ ನಿಂತ.

"ದುರ್ಗಾ, ಎಲ್ಲಿದ್ದೀ?"

"ಇಲ್ಲೇ, ನಿಮ್ಮ ಎಡಕ್ಕ."

"ಬಲಕ್ಕ ಬಾ. ನೀ ಕಾಣವಲ್ಲಿ."

ಅವಳು ಕದಲಲಿಲ್ಲ. ಅವನ ಎಡಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಅತ್ತಾಗಿಂದ ಗಾಡಿ ಬಂದ್ರ ಯಾರು ನೋಡ್ಬೇಕು? ಮದುವಿ ಆದಾಗಿಂದ ಇಲ್ಲೇ ಅದೇನಿ. ನೋಟ ಛಲೋ ಇದ್ದಾಗರ ನನ್ನ ಎಷ್ಟು ನೋಡೀರಿ?"